ಯತಿಧರ್ಮದ ಜೀರ್ಣೋದ್ಧಾರವೂ ಗೃಹಸ್ಥರ ಒಲೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಯಾವದೊಂದು ಊರಿಗೆ ದಿಗಂಬರ ಮುನಿಸಂಘವು ದಯಮಾಡಿಸುವದೆಂಬ ವಾರ್ತೆ ಹಬ್ಬಿದ ಕೂಡಲೆ ಊರ ಅಗಸೆಯಲ್ಲಿ ಆಳೆತ್ತರದ ಫಲಕಗಳು ಏಳುವವು. ಫಲಕದ ನಡುವೆ ಮುನಿಗಳ ಚಿತ್ರ. ಅದರ ಸುತ್ತಲೂ ಪಿಂಚಿ ಕಮಂಡಲುಗಳ ಗೊಡವೆಯಿಲ್ಲದ ಇಪ್ಪತ್ತು ಮೂವತ್ತು ಮಹನೀಯರ ಮುಖಗಳು. ವಾದ್ಯ, ಮೆರವಣಿಗೆ, ಧ್ವನಿವರ್ಧಕ, ಮಂಟಪ ಯಾವದಕ್ಕೂ ಕೊರತೆಯಿಲ್ಲ. ಮರುದಿನ ಮುಂಜಾನೆ ಅದೇ ಮುನಿಗಳು ಬಲಗೈಯ ಬೆರಳುಗಳನ್ನು ಹೆಗಲಿಗೆ ತಾಗಿಸಿಕೊಂಡು, ಮೌನದಿಂದ, ಓಣಿಯೊಳಗೆ ಆಹಾರಕ್ಕೆ ಹೊರಟಾಗ ಎಷ್ಟು ಬಾಗಿಲುಗಳ ಮುಂದೆ ದಂಪತಿಗಳು ಕಲಶ ಹಿಡಿದು ನಿಂತಿರುವರೆಂಬದನ್ನು ಎಣಿಸಿ ನೋಡಿದವರು ವಿರಳ. ಎಣಿಸಿದರೆ ಫಲಕದ ಮೇಲಿನ ಮುಖಗಳೇ ಹೆಚ್ಚಾಗಿ ಕಂಡಾವು.

ಯತಿಧರ್ಮದ ಉದ್ಧಾರದ ಮಾತು ಬಂದಾಗ ಈ ಸೀಮೆಯ ಸುಶಿಕ್ಷಿತರು ಸಾಮಾನ್ಯವಾಗಿ ಎರಡು ಬಗೆಯಿಂದ ನುಡಿಯುವರು. ಕೆಲವರು, ಇದು ಸಂತರನ್ನು ಹಡೆದ ನೆಲ, ಇಲ್ಲಿ ಧರ್ಮಕ್ಕೆ ಚಿಂತೆಯೇ ಇಲ್ಲ ಎಂದು ಎದೆ ತಟ್ಟಿಕೊಳ್ಳುವರು. ಬೇರೆ ಕೆಲವರು, ಕಾಲ ಬದಲಾಗಿದೆ, ಯತಿಗಳೂ ವಾಹನ ಏರಲಿ, ದೂರವಾಣಿ ಹಿಡಿಯಲಿ, ನಿಯಮಗಳು ಸಡಿಲಾಗದ ಹೊರತು ಈ ಮಾರ್ಗ ಉಳಿಯದು ಎಂದು ಉಪದೇಶಿಸುವರು. ಈ ಎರಡೂ ಬಾಯಿಗಳಿಂದ ಹೊರಡುವ ತಪ್ಪು ಒಂದೇ. ಯತಿಧರ್ಮದ ಏಳ್ಗೆ ಬೀಳ್ಗೆಗಳು ಯತಿಯ ಕೈಯಲ್ಲಿರುವವು, ಗೃಹಸ್ಥನು ಬರಿಯ ಪ್ರೇಕ್ಷಕನು ಎಂದು ಇಬ್ಬರೂ ತಿಳಿದಿರುವರು. ಚರಿತ್ರೆಯು ಇದಕ್ಕೆ ನೇರವಾಗಿ ವಿರುದ್ಧವಾದ ಸಾಕ್ಷಿಯನ್ನು ಕೊಡುವದು; ಆ ಸಾಕ್ಷಿಯು ದೂರದ್ದೂ ಅಲ್ಲ, ವೇದಗಂಗೆ ದೂಧಗಂಗೆಗಳು ಕೂಡುವ ಭೋಜ ಗ್ರಾಮದ್ದು.

ಭೋಜದ ಪಾಟೀಲರ ಮನೆತನದ ಸಾತಗೌಡರು 1872ರಲ್ಲಿ ಸಮೀಪದ ಯಳಗೂಡದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ಮದುವೆಯಾಗಿ, ಆ ಹುಡುಗಿಯು ಬೇಗನೆ ತೀರಿಕೊಂಡ ಮೇಲೆ ಮತ್ತೆ ಮದುವೆಗೆ ಒಪ್ಪದೆ, ಬಟ್ಟೆಯ ಅಂಗಡಿಯಲ್ಲಿ ಕುಳಿತು ದಿನ ಕಳೆದರು. ತಂದೆತಾಯಿಗಳು ಬದುಕಿರುವ ತನಕ ಮನೆ ಬಿಡಲಿಲ್ಲ. ನಾಲ್ವತ್ತು ದಾಟಿದ ಮೇಲೆ ಕ್ಷುಲ್ಲಕರಾದರು. 1920ರಲ್ಲಿ ಯರನಾಳದಲ್ಲಿ ದೇವೇಂದ್ರಕೀರ್ತಿಗಳಿಂದ ಮುನಿದೀಕ್ಷೆ ಪಡೆದು ಶಾಂತಿಸಾಗರರೆನಿಸಿದರು. 1924ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ ಬಂತು. ಇಷ್ಟನ್ನು ಈ ಭಾಗದ ಜೈನರ ಮನೆಗಳಲ್ಲಿ ಹುಡುಗರು ಕೂಡ ಬಲ್ಲರು. ಹುಡುಗರೂ ಹಿರಿಯರೂ ಮರೆತಿರುವದು ಬೇರೊಂದು ಸಂಗತಿ.

ಆಗ ದಕ್ಷಿಣದಲ್ಲಿ ಮುನಿಗಳೇ ಇರಲಿಲ್ಲವೆಂದು ಭಾಷಣಕಾರರು ಹೇಳುವದುಂಟು. ಅದು ಸರಿಯಲ್ಲ. ದೇವೇಂದ್ರಕೀರ್ತಿಗಳಿದ್ದರು, ಅಂಕಲೀಕರ ಆದಿಸಾಗರರಿದ್ದರು, ಇನ್ನೂ ಕೆಲವರಿದ್ದರು. ಕೊಲ್ಲಾಪುರ ನಾಂದಣಿಗಳ ಭಟ್ಟಾರಕ ಪೀಠಗಳು ಸಮಾಜದ ಆಡಳಿತವನ್ನು ನಡೆಸುತ್ತಿದ್ದವು. ಕೆಟ್ಟುಹೋಗಿದ್ದುದು ಮುನಿಗಳ ಸಂಖ್ಯೆಗಿಂತ ಹೆಚ್ಚಾಗಿ ಮುನಿಗೂ ಮನೆಗೂ ಇರತಕ್ಕ ಸಂಬಂಧ. ಮುನಿಯು ಊರೊಳಗೆ ಬರುವಾಗ ಜನರ ನಾಚಿಕೆಗಾಗಿ ಮೈಮೇಲೆ ಬಟ್ಟೆಯೊಂದನ್ನು ಹೊದ್ದು ಬರುವದು, ಉಂಡ ಬಳಿಕ ಅದನ್ನು ತೆಗೆದಿಡುವದು. ಯಾರ ಮನೆಯಲ್ಲಿ ಊಟವೆಂಬದನ್ನು ಬಸದಿಯ ಉಪಾಧ್ಯಾಯನು ಮುಂಚಿತವಾಗಿ ಗೊತ್ತುಮಾಡಿ ಇಟ್ಟಿರುವದು. ಆ ಮನೆಯವರು ಆ ದಿನ ಮುನಿಗಾಗಿಯೇ ಅಡಿಗೆ ಮಾಡುವದು ಇವು ರೂಢಿಯಾಗಿದ್ದವು. ಇದರಲ್ಲಿ ಯಾರಿಗೂ ತೊಂದರೆಯಿರಲಿಲ್ಲ. ಮುನಿಗೆ ಊಟ ನಿಶ್ಚಯ, ಉಪಾಧ್ಯಾಯನಿಗೆ ಮಾನ ನಿಶ್ಚಯ, ಉಳಿದ ನೂರು ಮನೆಗಳಿಗೆ ನಿಶ್ಚಿಂತೆ.

ಶಾಸ್ತ್ರವು ಈ ನಿಶ್ಚಿಂತೆಯನ್ನೇ ನಿಷೇಧಿಸಿದೆ. ತನಗೆಂದು ಉದ್ದೇಶಿಸಿ ಮಾಡಿದ ಅನ್ನವು ಉದ್ದಿಷ್ಟವು. ಅದನ್ನು ಮುನಿಯು ಕೊಳ್ಳಲಾಗದು. ಮನೆಯವರು ತಾವು ಉಣ್ಣುವದಕ್ಕೆಂದು ಶುದ್ಧವಾಗಿ ಮಾಡಿಕೊಂಡ ಅನ್ನದಲ್ಲಿ, ಹೂವಿಗೆ ನೋವಾಗದಂತೆ ದುಂಬಿಯು ಹೀರುವ ಹಾಗೆ, ಅಂಗೈಯಲ್ಲಿ ಹಿಡಿವಷ್ಟನ್ನು ನಿಂತು ಸ್ವೀಕರಿಸಿ ಹೋಗತಕ್ಕದ್ದು; ಅದೂ ದಿನಕ್ಕೊಮ್ಮೆ. ಕೂದಲೊಂದು ಕಂಡರೆ, ಹುಳವೊಂದು ಬಿದ್ದರೆ ಅಲ್ಲಿಗೇ ಅಂತರಾಯ. ಆ ದಿನ ನೀರು ಕೂಡ ಇಲ್ಲ. ಯಾವ ಬಾಗಿಲಲ್ಲಿ ನಿಲ್ಲುವರೆಂಬದನ್ನು ಮುನಿಗಳು ತಮ್ಮ ಮನಸ್ಸಿನ ಸಂಕಲ್ಪದಂತೆ ನಿರ್ಧರಿಸುವರೇ ಹೊರತು ಮತ್ತೊಬ್ಬರ ಪಟ್ಟಿಯಂತಲ್ಲ. ಈ ನಿಯಮದ ಅರ್ಥವೇನು? ಒಬ್ಬ ಮುನಿಯು ಉಣ್ಣಬೇಕಾದರೆ ಊರಿನ ಹಲವು ಮನೆಗಳು ಪ್ರತಿದಿನವೂ ಮುನಿಯು ಉಣ್ಣಬಹುದಾದಂಥ ಮನೆಗಳಾಗಿರಬೇಕೆಂಬದೇ ಅರ್ಥ. ಒಬ್ಬರ ವ್ರತವು ನೂರು ಮನೆಗಳ ನಡವಳಿಕೆಯ ಮೇಲೆ ನಿಂತಿದೆ.

ಶಾಂತಿಸಾಗರರು ಮಾಡಿದ್ದು ಇಷ್ಟೇ. ಹೊದೆಯುವ ಬಟ್ಟೆಯನ್ನು ಬಿಟ್ಟರು. ಉಪಾಧ್ಯಾಯನ ಗೊತ್ತುಪಾಡನ್ನು ಒಲ್ಲೆನೆಂದರು. ಇದರ ಮೊದಲ ಫಲವು ಉಪವಾಸ. ಯಾಕಂದರೆ ಓಣಿಯಲ್ಲಿ ಹೊರಟ ಮುನಿಯನ್ನು ಎದುರುಗೊಳ್ಳುವದು ಹೇಗೆ, ಮೂರು ಸಲ ಬಿನ್ನವಿಸಿ ಒಳಗೆ ಕರೆದು, ಎತ್ತರದ ಪೀಠವನ್ನಿತ್ತು, ಕಾಲ್ದೊಳೆದು, ಅರ್ಚಿಸಿ, ವಂದಿಸಿ, ಮನ ವಚನ ಕಾಯ ಅನ್ನಗಳ ಶುದ್ಧಿಯನ್ನು ಹೇಳಿ ನೀಡುವ ನವಧಾಭಕ್ತಿಯ ಕ್ರಮವೆಂಥದು ಎಂಬದು ಜನರಿಗೆ ಗೊತ್ತೇ ಇರಲಿಲ್ಲ. ಬರಿಗೈಯಿಂದ ತಿರುಗಿ ಹೋಗುವ ಆ ಮೌನವು ನೂರು ಉಪನ್ಯಾಸಗಳಿಗಿಂತ ಬಲವಾಗಿ ಊರನ್ನು ನಾಚಿಸಿತು. ಮನೆಯವರು ಹಳೆಯ ಗ್ರಂಥಗಳನ್ನು ತೆರೆದರು, ಬಲ್ಲವರನ್ನು ಕೇಳಿದರು, ಕಲಿತರು. ಊರದೇವತೆಗಳ ಹರಕೆ ಮುಂತಾದವುಗಳನ್ನು ಬಿಡದ ಮನೆಯಲ್ಲಿ ಅವರು ಆಹಾರ ಕೊಳ್ಳಲಿಲ್ಲ. ಹೀಗೆ ಮುನಿಯ ನಿಯಮವು ಗೃಹಸ್ಥನ ಅಡಿಗೆಮನೆಯನ್ನೂ ದೇವರಕೋಣೆಯನ್ನೂ ಹೊಕ್ಕಿತು. 1927ರಲ್ಲಿ ದಕ್ಷಿಣದಿಂದ ಕಾಲ್ನಡಿಗೆಯಿಂದ ಹೊರಟ ಸಂಘವು 1928ರಲ್ಲಿ ಸಮ್ಮೇದಶಿಖರವನ್ನು ಮುಟ್ಟಿದ್ದೂ, ಶತಮಾನಗಳಿಂದ ದಿಗಂಬರ ಮುನಿಯನ್ನು ಕಾಣದ ಉತ್ತರದೇಶದ ಊರುಗಳು ಅವರನ್ನು ಕಂಡದ್ದೂ ದೊಡ್ಡ ಸಂಗತಿಗಳು. ಆದರೆ ಅವುಗಳ ಬೇರು ಈ ಓಣಿಗಳ ಆ ಬರಿಗೈಯ ಮುಂಜಾನೆಗಳಲ್ಲಿದೆ.

ಇದು ಜೈನರೊಬ್ಬರ ವಿಶೇಷವೆಂದು ಭಾವಿಸುವವರು ಪಶ್ಚಿಮದ ಕಥೋಲಿಕ ಸಂತರ ಚರಿತ್ರೆಯನ್ನು ನೋಡತಕ್ಕದ್ದು. ಪರಮತದ ದೃಷ್ಟಾಂತವೇಕೆಂದು ಕೆಲವರು ಮೂಗು ಮುರಿಯಬಹುದು. ಮನೆಯ ದೃಷ್ಟಾಂತವನ್ನು ಹೇಳಿದರೆ ಅಭಿಮಾನವಾದರೂ ಅಸೂಯೆಯಾದರೂ ಅಡ್ಡ ಬರುವದು. ನಾನೂರೈವತ್ತು ವರ್ಷಗಳ ಹಿಂದಿನ ಸ್ಪೇನ್ ದೇಶದ ಒಬ್ಬ ಸಂನ್ಯಾಸಿನಿಯ ವಿಷಯದಲ್ಲಿ ಅಥಣಿಯವರಿಗೂ ನಿಪ್ಪಾಣಿಯವರಿಗೂ ಯಾವ ಪಕ್ಷಪಾತವೂ ಇರಲಾರದು.

ಆವಿಲಾ ಎಂಬ ಪಟ್ಟಣದಲ್ಲಿ 1515ರಲ್ಲಿ ಹುಟ್ಟಿದ ತೆರೇಸಾ 1535ರಲ್ಲಿ ಅಲ್ಲಿಯ ಕಾರ್ಮೆಲ್ ಮಠವನ್ನು ಸೇರಿದಳು. ಮಠದಲ್ಲಿ ನೂರಕ್ಕೆ ಮಿಕ್ಕ ಸಂನ್ಯಾಸಿನಿಯರು. ಎಲ್ಲರಿಗೂ ಸಾಲುವಷ್ಟು ಅನ್ನವಿಲ್ಲ. ಆದದರಿಂದ ಅವರು ಬಂಧುಗಳ, ಶ್ರೀಮಂತರ ಮನೆಗಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ರೂಢಿ ಬಿದ್ದಿತ್ತು. ಭೇಟಿಯ ಕೋಣೆಯು ಊರ ಗಣ್ಯರ ಹರಟೆಯ ಚಾವಡಿಯಾಗಿತ್ತು; ದಾನ ಕೊಡುವವನಿಗೆ ಮಾತಾಡುವ ಹಕ್ಕೂ ಬಂದಿತ್ತು. ಮಠದ ನಿಯಮವು ಸಡಿಲಾದದ್ದು ಸಂನ್ಯಾಸಿನಿಯರ ದುಷ್ಟತನದಿಂದಲ್ಲ, ದಾತೃಗಳ ಅನುಕೂಲದಿಂದ. 1562ರ ಆಗಸ್ಟ್ 24ರಂದು ತೆರೇಸಾ ಸಂತ ಯೋಸೇಫನ ಹೆಸರಿನ ಚಿಕ್ಕ ಮಠವನ್ನು ತೆರೆದಳು. ಕೆಲವೇ ಮಂದಿ, ಹಳೆಯ ಕಠಿಣ ನಿಯಮ, ನಿಶ್ಚಿತ ಆದಾಯವಿಲ್ಲ. ದಿನದ ಭಿಕ್ಷೆಯೇ ಗತಿ. ಆಗ ಮೊದಲು ಕೂಗೆದ್ದವರು ಯಾರು? ಆವಿಲಾ ಪಟ್ಟಣದ ಪುರಸಭೆಯವರು! ಆದಾಯವಿಲ್ಲದ ಮಠವನ್ನು ಊರು ಸಾಕಬೇಕಾದೀತೆಂದು ಅವರ ಆಕ್ಷೇಪ. ಅವಳ ಒಡನಾಡಿಯಾದ ಸಂತ ಯೋಹಾನನನ್ನಂತೂ ಅವನ ಸಂಘದ ಸೋದರರೇ 1577ರಲ್ಲಿ ಹಿಡಿದು ತೊಲೇದೊ ಪಟ್ಟಣದ ಇಕ್ಕಟ್ಟಿನ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ತೆರೇಸಾ 1582ರಲ್ಲಿ ತೀರಿಕೊಂಡಳು, 1622ರಲ್ಲಿ ಸಂತಳೆನಿಸಿದಳು. ಇಂದು ಆವಿಲಾ ಎಂದರೆ ತೆರೇಸಳ ಊರೆಂದೇ ಲೋಕಪ್ರಸಿದ್ಧಿ. ಅಂದಿನ ಪುರಸಭೆಯ ಸದಸ್ಯರ ಹೆಸರುಗಳು ಯಾರಿಗೂ ಬೇಕಾಗಿಲ್ಲ. ಅವಳ ನಿಯಮದ ಮಠವು 1870ರಲ್ಲಿ ಫ್ರಾನ್ಸಿನಿಂದ ಕರ್ನಾಟಕದ ಮಂಗಳೂರಿಗೂ ಬಂತು. ಹೊರಟು ಬಂದವರಲ್ಲಿ ಕೆಲವರು ಹಾದಿಯಲ್ಲಿಯೇ ತೀರಿಕೊಂಡರು. ಅಲ್ಲಿ 1871ರಲ್ಲಿ ವ್ರತ ಸ್ವೀಕರಿಸಿದ ಮರಿಯಂ ಬವಾರ್ದಿ ಎಂಬ ಗಲಿಲಾಯದ ಬಡ ಹೆಣ್ಣುಮಗಳನ್ನು 2015ರಲ್ಲಿ ಸಂತಳೆಂದು ಸಾರಲಾಯಿತು.

ಇನ್ನು ಫಲಕ ಮಂಟಪಗಳ ಪ್ರಿಯರಿಗೆ ಅಸಿಸಿಯ ಫ್ರಾನ್ಸಿಸ್‌ನ ಕಥೆ ಸಾಕು. ಏನೊಂದನ್ನೂ ಸ್ವಂತವೆನ್ನದ ಆ ಭಿಕ್ಷುವು 1226ರಲ್ಲಿ ಬರಿನೆಲದ ಮೇಲೆ ಮಲಗಿ ಪ್ರಾಣ ಬಿಟ್ಟನು. 1228ರಲ್ಲಿಯೇ ಅವನ ಸಮಾಧಿಗೆಂದು ಬೃಹತ್ತಾದ ಕಲ್ಲಿನ ದೇವಾಲಯಕ್ಕೆ ಅಸ್ತಿವಾರ ಬಿತ್ತು. ಅದಕ್ಕಾಗಿ ಹಣ ಕೂಡಿಸಲು ಇಟ್ಟಿದ್ದ ಪಾತ್ರೆಯನ್ನು ಅವನ ಪ್ರಿಯ ಶಿಷ್ಯನಾದ ಲಿಯೋ ಒಡೆದು ಹಾಕಿ ಪೆಟ್ಟು ತಿಂದನೆಂದು ಐತಿಹ್ಯವುಂಟು. ದೇವಾಲಯವು ಸುಂದರವಾಗಿದೆ, ಲೋಕವೆಲ್ಲ ನೋಡಲು ಹೋಗುವದು. ಅವನ ಭಿಕ್ಷುಗಳು ಮಾತ್ರ ಆಸ್ತಿಯಿರಬಹುದೇ ಇರಬಾರದೇ ಎಂದು ಮುಂದೆ ಶತಮಾನಗಳ ಕಾಲ ಕಾದಾಡಿದರು.

ನಿಯಮ ಸಡಿಲಿಸಬೇಕೆನ್ನುವವರು ಕಥೋಲಿಕರ ನಿದರ್ಶನವನ್ನೇ ತಿರುಗಿಸಿ ಹೇಳಬಹುದು. ವ್ಯಾಟಿಕನ್ನಿನ ಎರಡನೆಯ ಮಹಾಸಭೆಯು 1965ರ ಅಕ್ಟೋಬರ 28ರಂದು ಮಠಜೀವನದ ನವೀಕರಣದ ಬಗ್ಗೆ ಆದೇಶ ಹೊರಡಿಸಿ, ಕಾಲಕ್ಕೆ ಹೊಂದಿಕೊಳ್ಳಬೇಕೆಂದು ಹೇಳಿತಲ್ಲವೆ ಎಂದು ಕೇಳಬಹುದು. ಹೇಳಿತು. ಆದರೆ ಆ ಆದೇಶದಲ್ಲಿ ಎರಡು ಮಾತುಗಳಿವೆ. ಮೂಲಕ್ಕೆ, ಸಂಸ್ಥಾಪಕರ ಮೊದಲಿನ ಉದ್ದೇಶಕ್ಕೆ ಹಿಂದಿರುಗುವದು ಒಂದು, ಕಾಲಕ್ಕೆ ಹೊಂದುವದು ಇನ್ನೊಂದು. ಮೊದಲನೆಯದನ್ನು ನುಂಗಿ ಎರಡನೆಯದನ್ನು ಮಾತ್ರ ಉಗುಳುವದು ವಾದವಲ್ಲ. ಅದಾದ ಮೇಲಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮಠವಾಸಿಗಳ ಸಂಖ್ಯೆ ಏರಲಿಲ್ಲ, ಬಹಳವಾಗಿ ಕುಗ್ಗಿತು. ಅದಕ್ಕೆ ಕಾರಣಗಳು ಹಲವು. ಆದೇಶವೊಂದರ ಮೇಲೆಯೇ ಅದನ್ನು ಹೊರಿಸುವದು ಅನ್ಯಾಯವಾದೀತು. ಆದರೂ ಸಡಿಲಿಸಿದರೆ ತುಂಬಿ ತುಳುಕುವದೆಂಬ ಭರವಸೆಗೆ ಅಲ್ಲಿ ಆಧಾರವಿಲ್ಲ. ಇತ್ತ ಸದಲಗಾದ ವಿದ್ಯಾಧರನೆಂಬ ತರುಣನು 1968ರ ಜೂನ್ 30ರಂದು ಅಜಮೇರಿನಲ್ಲಿ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರನಾದನು. 1972ರಲ್ಲಿ ನಸೀರಾಬಾದದಲ್ಲಿ ಆ ವೃದ್ಧ ಗುರುಗಳು ತಮ್ಮ ಪೀಠದಿಂದಿಳಿದು, ಇಪ್ಪತ್ತಾರರ ಶಿಷ್ಯನನ್ನು ಅದರಲ್ಲಿ ಕುಳ್ಳಿರಿಸಿ, ಅವನಿಗೇ ವಂದಿಸಿ, ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ವಿದ್ಯಾಸಾಗರರು ಉಪ್ಪು ಸಕ್ಕರೆಗಳನ್ನೂ ತೊರೆದು ನಿಯಮವನ್ನು ಬಿಗಿಗೊಳಿಸಿದರು. ಶಿಷ್ಯರು ನೂರಾರು ಮಂದಿ ಬಂದು ಸೇರಿದರು. 2024ರ ಫೆಬ್ರವರಿ 18ರಂದು ಡೋಂಗರಗಢದಲ್ಲಿ, ಆಚಾರ್ಯಪದವನ್ನು ಬಿಟ್ಟುಕೊಟ್ಟು, ಮೂರು ದಿನಗಳ ಉಪವಾಸದಿಂದ ದೇಹವನ್ನಿಳಿಸಿದರು. ಕೋಥಳಿಯ ದೇಶಭೂಷಣರೂ, 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ವಿದ್ಯಾನಂದರೂ ಈ ಸೀಮೆಯವರೇ. ವಿದ್ಯಾಸಾಗರರ ಬಾಳಿನ ಬಹುಭಾಗವು ಬುಂದೇಲಖಂಡದಲ್ಲಿಯೂ, ವಿದ್ಯಾನಂದರದು ಬಹುತರವಾಗಿ ದಿಲ್ಲಿಯಲ್ಲಿಯೂ ಕಳೆಯಿತು. ಹುಟ್ಟಿಸಿದ್ದು ಈ ನೆಲ, ಉಣಿಸಿದ್ದು ಬೇರೆಯವರ ಒಲೆ. ಇದನ್ನು ಎದೆ ತಟ್ಟಿಕೊಳ್ಳುವವರು ಸ್ವಲ್ಪ ಯೋಚಿಸಬೇಕು.

ಶಾಂತಿಸಾಗರರನ್ನು ಹೊಗಳಿದ ಮಾತ್ರದಿಂದ ಅವರ ಪ್ರತಿಯೊಂದು ನಿಲುವನ್ನೂ ಹೊರಬೇಕೆಂದಿಲ್ಲ. ಮುಂಬಯಿ ಪ್ರಾಂತದಲ್ಲಿ 1947ರಲ್ಲಿ ಹರಿಜನರ ದೇವಾಲಯಪ್ರವೇಶದ ಶಾಸನವಾದಾಗ, ಅದು ಜಿನಾಲಯಗಳಿಗೆ ತಗಲಬಾರದೆಂದು ಅವರು 1948ರಲ್ಲಿ ಧಾನ್ಯಾಹಾರವನ್ನೇ ಬಿಟ್ಟು, 1951ರ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪಿನ ತನಕ ಹಾಗೆಯೇ ಇದ್ದರು. ಅವರು ದಂಡಿಸಿದ್ದು ತಮ್ಮ ದೇಹವನ್ನೇ, ಪರರನ್ನಲ್ಲ, ಅದು ನಿಜ. ಆದರೂ ತೀರ್ಥಂಕರನ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಎಡೆಯುಂಟೆಂದು ಪುರಾಣಗಳು ಸಾರುತ್ತಿರುವಾಗ ಮನುಷ್ಯನ ಮುಂದೆ ಬಾಗಿಲು ಮುಚ್ಚಿಕೊಳ್ಳುವದು ಹೇಗೆ ಹೊಂದೀತು? ಸಂತರ ತಪಸ್ಸು ದೊಡ್ಡದು, ಈ ಪ್ರಶ್ನೆಗೆ ಅದು ಉತ್ತರವಾಗಲಾರದು.

ಪ್ರಕೃತಕ್ಕೆ ಬರತಕ್ಕದ್ದು. ಗೃಹಸ್ಥರು ಏನೂ ಮಾಡಿಲ್ಲವೆಂದರೆ ಕೃತಘ್ನತೆಯಾದೀತು. ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ವಿದ್ಯಾರ್ಥಿನಿಲಯಗಳನ್ನು ಕಟ್ಟಿತು. ಅದರಿಂದ ಎಷ್ಟೋ ಒಕ್ಕಲಿಗರ ಮಕ್ಕಳು ವಿದ್ಯಾವಂತರಾದರು. ಆದರೆ ವಿದ್ಯಾವಂತರಾದ ಮಕ್ಕಳ ಮನೆಗಳಲ್ಲಿ ಈಗ ಬಾವಿ ಮುಚ್ಚಿದೆ, ಬೀಸುವ ಕಲ್ಲು ಹಿತ್ತಲಿಗೆ ಹೋಗಿದೆ, ನೀರು ಸೋಸುವ ಬಟ್ಟೆ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಅದಕ್ಕಾಗಿ ಒಂದು ಉಪಾಯ ಹುಟ್ಟಿದೆ. ಸಂಘದ ಜೊತೆಗೇ ಚೌಕಾ ಎಂಬ ಸಂಚಾರೀ ಅಡಿಗೆಮನೆಗಳು ವಾಹನಗಳಲ್ಲಿ ಬರುವವು. ಊರಿನವರು ಹಣ ಕೊಟ್ಟು ಅದರಲ್ಲಿ ಒಂದು ದಿನದ ಪುಣ್ಯವನ್ನು ಹಂಚಿಕೊಳ್ಳುವರು. ಮುನಿಗಳು ಇನ್ನೂ ಮನಸ್ಸಿನಲ್ಲಿ ಸಂಕಲ್ಪ ಮಾಡಿಯೇ ಹೊರಡುವರು, ಇನ್ನೂ ಅಂಗೈಯಲ್ಲಿಯೇ ಉಣ್ಣುವರು. ಆದರೆ ಬಸದಿಯ ಅಂಗಳದಲ್ಲಿ ಸಾಲಾಗಿ ಹೂಡಿದ, ಮುನಿಗಳಿಗೆಂದೇ ಹೂಡಿದ ಆ ಒಲೆಗಳಿಗೂ 1920ಕ್ಕೆ ಮೊದಲಿನ ಉಪಾಧ್ಯಾಯನ ಪಟ್ಟಿಗೂ ಭೇದವೆಷ್ಟು? ಇದು ಉದ್ದಿಷ್ಟವಲ್ಲದೆ ಮತ್ತೇನು? ಮುನಿಯ ಕಾಲು ಕಟ್ಟಳೆಯಂತೆ ನಡೆಯುತ್ತಿದೆ, ಗೃಹಸ್ಥನ ಮನೆಯೇ ಅವರ ದಾರಿಯಿಂದ ಪಕ್ಕಕ್ಕೆ ಸರಿದಿದೆ.

ಇದಕ್ಕೆ ಹೇಳುವ ಸಬೂಬು ಸಮಯವಿಲ್ಲವೆಂಬದು. ಕಬ್ಬಿನ ಕಟಾವು, ಕಚೇರಿ, ಮಕ್ಕಳ ಶಾಲೆ, ಎಲ್ಲವೂ ನಿಜ. ಅದರಲ್ಲಿ ಅರ್ಧ ಸತ್ಯ ಮಾತ್ರ ಹೆಂಗಸರದು. ಯಾಕಂದರೆ ಗೃಹಸ್ಥಧರ್ಮವೆಂದು ಗಂಡಸರು ಹೆಮ್ಮೆಪಡುವದನ್ನೆಲ್ಲ ನಸುಕಿನಲ್ಲೆದ್ದು ಒದ್ದೆಯ ಮಡಿಯಲ್ಲಿ ನಡೆಸುವವರು ಹೆಂಗಸರೇ. ಗಂಡಸರು ಮೆರವಣಿಗೆಯ ಮುಂಭಾಗದಲ್ಲಿರುವರು. ನೀರು ಸೇದಬಾರದು, ಹಿಟ್ಟು ಬೀಸಬಾರದು ಎಂದು ಗಂಡಸಿಗೆ ಯಾವ ಶಾಸ್ತ್ರವೂ ಹೇಳಿಲ್ಲ. ಫಲಕದ ಕಾಸನ್ನು ಬಾವಿಯ ಹೂಳೆತ್ತುವದಕ್ಕೂ, ಮೆರವಣಿಗೆಯ ಒಂದು ದಿನವನ್ನು ಬೀಸುವ ಕಲ್ಲಿಗೂ ಕೊಟ್ಟರೆ ಸಮಯವು ತಾನಾಗಿಯೇ ಸಿಕ್ಕೀತು.

ಶೈವರ ಮನೆಗಳಿಗೂ ಈ ಮಾತು ಪರಕೀಯವಲ್ಲ. ಅಥಣಿಯ ಗಚ್ಚಿನಮಠದಲ್ಲಿದ್ದು 1921ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳು ಅಧಿಕಾರವನ್ನು ಬಯಸದೆ ಪೂಜೆಯಲ್ಲಿಯೇ ಬಾಳನ್ನು ಸವೆಸಿದರು. ಜಂಗಮನ ಜೋಳಿಗೆಯು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದಾಗ ಊರೇ ಮಠದ ಭಂಡಾರವಾಗಿತ್ತು. ಈಗ ಜೋಳಿಗೆಯ ಬದಲು ಪಾವತಿಪುಸ್ತಕ ಬರುವದು, ಬಾಗಿಲನ್ನು ಪೂರ್ತಿ ತೆರೆಯುವ ಕಾರಣವೂ ಇಲ್ಲ.

2023ರ ಜುಲೈಯಲ್ಲಿ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದಲ್ಲಿದ್ದ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಕೊಲೆಯಾಯಿತು. ಅದರ ವಿಚಾರಣೆ ನ್ಯಾಯಾಲಯದ ಕೆಲಸ. ಆ ಬಗ್ಗೆ ಇಲ್ಲಿ ಒಂದಕ್ಷರವೂ ಬೇಡ. ಸಮಾಜವು ಕಂಬನಿಗರೆಯಿತು, ಮೌನವಾಗಿ ಬೀದಿಯಲ್ಲಿ ನಡೆಯಿತು, ಮುನಿಗಳಿಗೆ ಸರ್ಕಾರವು ಕಾವಲು ಕೊಡಲೆಂದು ಬೇಡಿಕೊಂಡಿತು. ಬೇಡಿದ್ದು ತಪ್ಪಲ್ಲ, ಕೊಡುವದು ಸರ್ಕಾರದ ಕರ್ತವ್ಯವೇ ಸರಿ. ಆದರೆ ಕೈಯಲ್ಲಿ ಕೋಲೂ ಮೈಮೇಲೆ ನೂಲೂ ಇಲ್ಲದೆ ಸಾವಿರಾರು ಹರದಾರಿ ನಡೆದ ಶಾಂತಿಸಾಗರರಿಗೆ ಕಾವಲಾಗಿದ್ದವರು ಯಾರು? ಊರ ಗಡಿಯಿಂದ ಮುಂದಿನ ಊರ ಗಡಿಯವರೆಗೆ ಜೊತೆಗೆ ನಡೆದು, ಅಲ್ಲಿಯ ಜನರ ಕೈಗೆ ಅವರನ್ನೊಪ್ಪಿಸಿ, ವಂದಿಸಿ ಹಿಂದಿರುಗುತ್ತಿದ್ದ ಶ್ರಾವಕರು. ಹಾಗೆ ಬೆಳಗಿನ ನಾಲ್ಕು ಹರದಾರಿಯನ್ನು ನಡೆಯಬಲ್ಲ ಗೃಹಸ್ಥರನ್ನು ಪೊಲೀಸು ಠಾಣೆಯು ಒದಗಿಸಲಾರದು.

ಆಷಾಢ ಸಮೀಪಿಸುವದು. ಚಾತುರ್ಮಾಸಕ್ಕೆ ಯಾವ ಸಂಘವು ಯಾವ ಊರಲ್ಲಿ ನಿಲ್ಲುವದೆಂಬ ಚರ್ಚೆ, ಶ್ರೀಫಲ ಅರ್ಪಿಸಿ ಬಿನ್ನವಿಸುವ ಪೈಪೋಟಿ ಈ ಐದು ತಾಲೂಕುಗಳಲ್ಲಿ ಆರಂಭವಾಗುವವು. ಬಿನ್ನಹ ಮಾಡಲು ಹೋಗುವ ಪಂಚರು ತೆಂಗಿನಕಾಯಿಯ ಜೊತೆಗೆ ಇನ್ನೊಂದು ವಸ್ತುವನ್ನು ಕೊಂಡೊಯ್ಯಲಿ. ತಮ್ಮ ಊರಲ್ಲಿ ಸೇದುವ ಬಾವಿಗಳೆಷ್ಟು, ಆ ನೀರನ್ನು ದಿನವೂ ಸೋಸಿ ಕಾಸುವ ಮನೆಗಳೆಷ್ಟು, ಮುನಿಗಳು ಬರಲಿ ಬಾರದಿರಲಿ ಅವರು ಉಣ್ಣಬಹುದಾದ ಅನ್ನವನ್ನೇ ತಾವೂ ಉಣ್ಣುವ ಕುಟುಂಬಗಳೆಷ್ಟು ಎಂಬ ಎಣಿಕೆಯ ಒಂದು ಹಾಳೆ. ಹಾಳೆಯಲ್ಲಿ ಹತ್ತು ಮನೆಗಳಿದ್ದರೆ ಹತ್ತೇ ಬರೆಯಲಿ. ಅದನ್ನು ಓದಿಕೊಂಡ ಮೇಲೆ ಆ ಊರಲ್ಲಿ ನಿಲ್ಲುವದೋ ಮುಂದಿನ ಊರಿಗೆ ನಡೆಯುವದೋ ಎಂಬದನ್ನು ಮುನಿಗಳೇ ನೋಡಿಕೊಳ್ಳುವರು.